ಹಾಲು ಕುಡಿದರೆ ಕೊಬ್ಬು ಕರಗುತ್ತಾ?

ತೂಕ ಇಳಿಸಲು ಹೊರಟವರಲ್ಲಿ ಹಲವರು ಮೊದಲು ಬಿಡುವುದು ಹಾಲು, ಮೊಸರನ್ನೇ. ಅದರಲ್ಲಿ ಕೊಬ್ಬಿದೆ ಅಲ್ವಾ! ಆದರೆ ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಮಾತು ಹಬ್ಬಿತ್ತು: ಹಾಲು ಕುಡಿಯಿರಿ, ಸಣ್ಣಗಾಗಿ.

ಇದನ್ನು ಶುರುಮಾಡಿದ್ದು ಟೆನೆಸ್ಸಿ ವಿಶ್ವವಿದ್ಯಾಲಯದ ಮೈಕೆಲ್ ಜೆಮೆಲ್. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ರಕ್ತದಲ್ಲಿ ಕ್ಯಾಲ್ಸಿಟ್ರಿಯಾಲ್ ಎಂಬ ಹಾರ್ಮೋನು ಏರುತ್ತದೆ. ಅದು ಕೊಬ್ಬಿನ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿಸುತ್ತದೆ. ಆಗ ಕೋಶ ಕೊಬ್ಬನ್ನು ಕರಗಿಸುವ ಬದಲು ಕೂಡಿಡುತ್ತದೆ. ಇದು ಅವರ ವಾದ. 2004ರಲ್ಲಿ ಅವರ ತಂಡ 32 ಜನ ಬೊಜ್ಜಿನವರ ಕ್ಯಾಲೊರಿ ಇಳಿಸಿ 24 ವಾರ ನೋಡಿತು. ಹಾಲಿನ ಪದಾರ್ಥ ಹೆಚ್ಚು ತಿಂದವರ ತೂಕ ಶೇ. 10.9 ಇಳಿಯಿತು, ಕಡಿಮೆ ತಿಂದವರದು ಶೇ. 6.4. ಜಾಹೀರಾತುದಾರರಿಗೆ ಇಷ್ಟು ಸಾಕಾಯಿತು. ಆದರೆ ಬೇರೆಯವರು ಮಾಡಿದ ಹಲವು ಪ್ರಯೋಗಗಳಲ್ಲಿ ಇಷ್ಟು ವ್ಯತ್ಯಾಸ ಕಾಣಲಿಲ್ಲ. 2007ರಲ್ಲಿ ಸರ್ಕಾರಿ ಸಂಸ್ಥೆ ತಕರಾರು ತೆಗೆದ ಮೇಲೆ ಆ ಜಾಹೀರಾತುಗಳು ನಿಂತವು.

ಕ್ಯಾಲ್ಸಿಯಂ ಏನೂ ಮಾಡುವುದಿಲ್ಲ ಎಂದಲ್ಲ. ಕರುಳಿನಲ್ಲಿ ಅದು ಸ್ವಲ್ಪ ಕೊಬ್ಬಿನ ಜೊತೆ ಸೇರಿ ಸೋಪಿನಂಥ ವಸ್ತುವಾಗುತ್ತದೆ, ಮಲದಲ್ಲಿ ಹೊರಗೆ ಹೋಗುತ್ತದೆ. ದಿನಕ್ಕೆ ಸಾವಿರ ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಹೆಚ್ಚಿಸಿದರೆ ಹೀಗೆ ಹೋಗುವುದು 5 ಗ್ರಾಂ ಆಸುಪಾಸು ಕೊಬ್ಬು. ಅಂದರೆ ಬರೀ 45 ಕ್ಯಾಲೊರಿ. ಅದೂ ದೇಹ ಸುಟ್ಟ ಕೊಬ್ಬಲ್ಲ, ಮೈಗೆ ಸೇರದೇ ಹೋದ ಊಟ ಅಷ್ಟೇ.

ಇನ್ನು ಪ್ರೋಟೀನು. ಅದನ್ನು ಜೀರ್ಣಿಸಿ ಬಳಸುವುದಕ್ಕೇ ಅದರ ಶಕ್ತಿಯ ಶೇ. 20ರಿಂದ 30ರಷ್ಟು ಖರ್ಚಾಗುತ್ತದೆ. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ ನೋಡೋಣ. 200 ಮಿಲಿಲೀಟರ್ ಹಾಲಿನಲ್ಲಿ ಪ್ರೋಟೀನು ಆರೂವರೆ ಗ್ರಾಂ, ಅಂದರೆ 26 ಕ್ಯಾಲೊರಿ. ಅದರಲ್ಲಿ ಉರಿಯುವುದು ಐದರಿಂದ ಎಂಟು. ಕೆನೆ ತೆಗೆಯದ ಹಾಲಾದರೆ ಆ ಲೋಟದಿಂದ ಒಳಗೆ ಬಂದದ್ದು ಸುಮಾರು 125!

ನನಗೆ ಮುಖ್ಯ ಅನ್ನಿಸುವುದು ಬೇರೆಯೇ. ತೂಕ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸುಮ್ನೆ ಕೂತಾಗ ದೇಹ ಸುಡುವ ಕ್ಯಾಲೊರಿಯೂ ಇಳಿಯುತ್ತದೆ. ಊಟದಲ್ಲಿ ಪ್ರೋಟೀನು ಸಾಕಷ್ಟಿದ್ದು, ಭಾರ ಎತ್ತುವ ವ್ಯಾಯಾಮವೂ ಇದ್ದರೆ ಸ್ನಾಯು ಹೆಚ್ಚು ಉಳಿಯುತ್ತದೆ. ಸ್ನಾಯು ಕಟ್ಟಲು ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಘಟಕ) ಹಾಲಿನ ಪ್ರೋಟೀನಿನಲ್ಲಿ ಚೆನ್ನಾಗಿದೆ. ಹಾಗಂತ ಹಾಲೇ ಆಗಬೇಕೆಂದಿಲ್ಲ. ಹಾಲು ಒಗ್ಗದವರಿಗೆ ಮೊಟ್ಟೆ, ಮೀನು, ಸೋಯಾ, ಬೇಳೆಕಾಳು ಇವೆ. ಕುಡಿಯುವವರು ಆ 125ನ್ನು ದಿನದ ಲೆಕ್ಕಕ್ಕೆ ಸೇರಿಸಿಕೊಂಡರೆ ಆಯಿತು.