ಟೈರ್ ಬೇರೆ, ರಿಮ್ ಬೇರೆ: ಆಡ್-ಆನ್‌ಗೆ ದುಡ್ಡು ಕಟ್ಟುವ ಮೊದಲು

ಮಳೆಗಾಲದಲ್ಲಿ ನನ್ನ ಫೋನಿಗೆ ಬರುವ ಫೋಟೋಗಳು ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು, ಇಲ್ಲವೇ ಅಂಚು ಮುರಿದ ಅಲಾಯ್ ರಿಮ್. ಕೆಳಗೆ ಒಂದೇ ಪ್ರಶ್ನೆ: “ಸಾರ್, ಇನ್ಶೂರೆನ್ಸ್‌ನಲ್ಲಿ ಬರುತ್ತಾ?” ನಾನು ವಾಹನ ವಿಮೆಯ ಸರ್ವೇಯರ್. ಹಾಸನ, ಸಕಲೇಶಪುರ, ಶಿರಾಡಿ ಘಾಟ್ ಕಡೆ ನನ್ನ ಓಡಾಟ ಜಾಸ್ತಿ. ಗುಂಡಿ ನೋಡಿ ನನಗೆ ಅಭ್ಯಾಸವಾಗಿದೆ. ಅಭ್ಯಾಸ ಆಗದೇ ಇರುವುದು ಒಂದೇ. ಜನ ಟೈರ್ ಮತ್ತು ರಿಮ್ ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿಕೊಂಡು ಬೇಡದ ಕಡೆ ದುಡ್ಡು ಕಟ್ಟುತ್ತಾರೆ, ಸಿಗಬೇಕಾದ ಕಡೆ ಕೇಳದೇ ಬಿಡುತ್ತಾರೆ.

ರಿಮ್ ಲೋಹದ ಭಾಗ. ಬಾನೆಟ್, ಬಾಗಿಲು ಹೇಗೋ ಅದೂ ಹಾಗೆ. ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ, ಗುಂಡಿಗೆ ಬಡಿದು ಮುರಿದ ರಿಮ್‌ಗೆ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆದ ಹಾನಿ) ಭಾಗದಲ್ಲೇ ಕ್ಲೇಮ್ ಮಾಡಬಹುದು. ಅದಕ್ಕೆ ಆಡ್-ಆನ್, ಅಂದರೆ ಮೂಲ ಪಾಲಿಸಿಯ ಮೇಲೆ ಬೇರೆ ದುಡ್ಡು ಕಟ್ಟಿ ಸೇರಿಸಿಕೊಳ್ಳುವ ರಕ್ಷಣೆ, ಬೇಕಿಲ್ಲ. ಲೋಹಕ್ಕೆ ಗಾಡಿಯ ವಯಸ್ಸಿನ ಮೇಲೆ ಸವಕಳಿ, ಅಂದರೆ ಹಳತಾದದ್ದಕ್ಕೆ ಬೆಲೆಯಲ್ಲಿ ಇಷ್ಟು ಅಂತ, ಕಳೆಯುತ್ತಾರೆ. ಮೊದಲ 6 ತಿಂಗಳು ಏನೂ ಇಲ್ಲ, 1 ವರ್ಷದವರೆಗೆ ಶೇ 5, 2 ವರ್ಷದವರೆಗೆ ಶೇ 10, 3 ವರ್ಷದವರೆಗೆ ಶೇ 15. ಹೀಗೇ ಏರುತ್ತಾ 10 ವರ್ಷ ದಾಟಿದ ಗಾಡಿಗೆ ಶೇ 50. ಝೀರೋ ಡೆಪ್ (ಸವಕಳಿ ಕಳೆಯದಂತೆ ಕೊಳ್ಳುವ ಆಡ್-ಆನ್) ಇದ್ದರೆ ಸಾಮಾನ್ಯವಾಗಿ ಈ ಕಡಿತ ಇರುವುದಿಲ್ಲ. 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2,000 ರೂಪಾಯಿ ನಾವೇ ಭರಿಸಬೇಕು, ಇದು ಕಡ್ಡಾಯ ಕಡಿತ.

ಟೈರಿನದು ಬೇರೆ ಕತೆ. ಸಾಮಾನ್ಯ ಪಾಲಿಸಿ ಬರೀ ಟೈರ್‌ಗೆ ಆದ ಹಾನಿಯನ್ನು ಕಟ್ಟಿಕೊಡುವುದಿಲ್ಲ. ಅದೇ ಹೊತ್ತಿಗೆ ಗಾಡಿಗೂ ಪೆಟ್ಟಾಗಿದ್ದರೆ ಮಾತ್ರ ಹೊಸ ಟೈರ್ ಬೆಲೆಯ ಅರ್ಧದವರೆಗೆ ಕೊಡುತ್ತದೆ.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಎಷ್ಟು ಸಲ ಹೇಳಿದರೂ ಮತ್ತೆ ಅದೇ ಫೋನ್ ಬರುತ್ತದೆ. ಗುಂಡಿಗೆ ಬಿದ್ದಿರಿ, ಟೈರ್ ಮಾತ್ರ ಉಬ್ಬಿತು, ಉಳಿದದ್ದೆಲ್ಲ ಸರಿ ಇದೆ. ಮೂಲ ಪಾಲಿಸಿಯಲ್ಲಿ ಸಿಗುವುದು ಸೊನ್ನೆ. ಅದೇ ಗುಂಡಿಗೆ ಟೈರೂ ಒಡೆಯಿತು, ಕೆಳಗಿನ ಸಸ್ಪೆನ್ಷನ್ ಆರ್ಮ್ ಕೂಡ ಬಾಗಿತು. ಆಗ ಆರ್ಮ್‌ಗೆ ಅದರ ಲೆಕ್ಕ, ಟೈರ್‌ಗೆ ಅರ್ಧ. ರಿಮ್ ಮಾತ್ರ ಮುರಿದು ಟೈರ್ ಚೆನ್ನಾಗಿದ್ದರೆ ರಿಮ್‌ಗೆ ಮಾತ್ರ. ಟೈರ್ ಮತ್ತು ರಿಮ್ ಎರಡೇ ಹೋದಾಗ ರಿಮ್ ಕೂಡ ಗಾಡಿಯ ಭಾಗವೇ ಅನ್ನುವ ಲೆಕ್ಕದಲ್ಲಿ ನಾನು ವರದಿ ಬರೆಯುತ್ತೇನೆ. ಕೊನೆಯ ತೀರ್ಮಾನ ಕಂಪನಿಯದು, ನನ್ನದಲ್ಲ.

ಅರಸೀಕೆರೆ ಕಡೆಯ ಮೇಷ್ಟ್ರೊಬ್ಬರು ಗ್ಯಾರೇಜಿನಲ್ಲಿ ನನ್ನ ಜೊತೆ ಜಗಳಕ್ಕೇ ನಿಂತಿದ್ದರು. “ಬಂಪರ್ ಟು ಬಂಪರ್ ಅಂತ ಹೇಳಿ ದುಡ್ಡು ಕಟ್ಟಿಸಿಕೊಂಡಿದ್ದಾರೆ. ಟೈರೇನು ಬಂಪರ್‌ನಿಂದ ಆಚೆ ಇದೆಯಾ?” ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಪಾಲಿಸಿ ಮಾರಿದವರು ಇದನ್ನು ಅವತ್ತೇ ಹೇಳಬೇಕಿತ್ತು. ಬಂಪರ್ ಟು ಬಂಪರ್ ಅಂತ ಮಾರುವುದು ಇದೇ ಝೀರೋ ಡೆಪ್; ಅದು ಕಟ್ಟಿಕೊಡುವ ಭಾಗಗಳ ಸವಕಳಿಯನ್ನು ಮನ್ನಾ ಮಾಡುತ್ತದೆ ಅಷ್ಟೆ. ಪಾಲಿಸಿ ಹೊರಗಿಟ್ಟಿದ್ದನ್ನು ಅದು ಒಳಗೆ ತರುವುದಿಲ್ಲ. ಹೆಚ್ಚಿನ ಝೀರೋ ಡೆಪ್ ಆಡ್-ಆನ್‌ಗಳಲ್ಲಿ ಟೈರ್, ಟ್ಯೂಬ್, ಬ್ಯಾಟರಿಗೆ ಆ ಮನ್ನಾ ಕೂಡ ಇರುವುದಿಲ್ಲ. ಮೇಷ್ಟ್ರು ಪಾಲಿಸಿಯ ಪುಟ ತಿರುಗಿಸಿ ಆ ಸಾಲನ್ನು ತಾವೇ ಗಟ್ಟಿಯಾಗಿ ಓದಿದರು, ನಂತರ ಸುಮ್ಮನಾದರು. ಈಗ ಅವರ ಸ್ಟಾಫ್ ರೂಮಿನಲ್ಲಿ ಯಾರು ಹೊಸ ಕಾರು ಕೊಂಡರೂ ನನಗೆ ಫೋನ್ ಮಾಡಿಸುತ್ತಾರೆ. ನನಗೂ ಅದು ಇಷ್ಟವೇ.

ಹಾಗಾದರೆ ಟೈರ್ ಆಡ್-ಆನ್ ಕೊಡುವುದೇನು? ಮೇಲೆ ಹೇಳಿದ ಆ ಸೊನ್ನೆಯನ್ನು ತುಂಬುತ್ತದೆ. ಟೈರ್ ಮಾತ್ರ ಹೋದಾಗ, ಅಂದರೆ ಕೊಯ್ದಾಗ, ಉಬ್ಬಿದಾಗ, ಸಿಡಿದಾಗ ದುಡ್ಡು ಕೊಡುತ್ತದೆ. ಪಂಚರ್‌ಗೆ ಕೊಡುವುದಿಲ್ಲ. ಸವೆದದ್ದಕ್ಕೆ ಕೊಡುವುದಿಲ್ಲ. ಅಲೈನ್‌ಮೆಂಟ್ ಮಾಡಿಸದೆ ಒಂದು ಬದಿ ತಿಂದುಹೋಗಿದ್ದರೆ ಅದಕ್ಕೂ ಇಲ್ಲ. ಕಳವಿಗೂ ಸಾಮಾನ್ಯವಾಗಿ ಇಲ್ಲ. ಕೆಲವು ಕಂಪನಿಗಳು ರಿಮ್ ಅನ್ನೂ ಸೇರಿಸುತ್ತವೆ, ಕೆಲವು ಅದನ್ನು ಬೇರೆಯೇ ಮಾರುತ್ತವೆ. ವರ್ಷಕ್ಕೆ ಎಷ್ಟು ಕ್ಲೇಮ್ ಅನ್ನುವುದಕ್ಕೂ ಮಿತಿ ಇರುತ್ತದೆ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ, ಹಾಗಾಗಿ ನಿಮ್ಮ ಪಾಲಿಸಿಯ ಆ ಒಂದು ಪುಟವನ್ನು ನೀವೇ ಓದಬೇಕು.

ಓದುವಾಗ ಮೊದಲು ಹುಡುಕಬೇಕಾದದ್ದು ಗ್ರಿಪ್ಪಿನ ಆಳದ ಲೆಕ್ಕ. ಹೊಸ ಕಾರಿನ ಟೈರ್‌ನಲ್ಲಿ ಗ್ರಿಪ್ ಸುಮಾರು 7ರಿಂದ 8 ಮಿಲಿಮೀಟರ್ ಆಳ ಇರುತ್ತದೆ. 1.6ಕ್ಕೆ ಬಂದರೆ ಕಾನೂನಿನ ಪ್ರಕಾರವೇ ಆ ಟೈರ್ ರಸ್ತೆಗೆ ಇಳಿಯುವಂತಿಲ್ಲ. ಹಲವು ಆಡ್-ಆನ್‌ಗಳು ಈ ಎರಡರ ಮಧ್ಯೆ ಮೆಟ್ಟಿಲು ಹಾಕುತ್ತವೆ. ಗ್ರಿಪ್ ತುಂಬಾ ಇದ್ದರೆ ಪೂರ್ತಿ ಬೆಲೆ, ಸವೆದಷ್ಟೂ ಕಡಿಮೆ. ನಾನು ಸಣ್ಣ ಗೇಜ್ ಒಂದನ್ನು ಟೈರ್ ಕಾಲುವೆಯಲ್ಲಿ ಮೂರು ನಾಲ್ಕು ಕಡೆ ಚುಚ್ಚಿ ನೋಡುತ್ತೇನೆ. ಅರ್ಧಕ್ಕಿಂತ ಜಾಸ್ತಿ ಸವೆದ ಟೈರ್‌ಗೆ ಈ ಆಡ್-ಆನ್ ಕೊಂಡರೆ ಕಟ್ಟುವುದು ಪೂರ್ತಿ ಪ್ರೀಮಿಯಂ, ಸಿಗುವುದು ಚೂರು ದುಡ್ಡು. 35,000 ಕಿಲೋಮೀಟರ್ ಓಡಿದ ಟೈರ್ ಇಟ್ಟುಕೊಂಡು ರಿನ್ಯೂವಲ್‌ನಲ್ಲಿ ಹಳೆ ಟಿಕ್ ಮಾರ್ಕ್ ಹಾಗೇ ಬಿಡುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಇನ್ನು ಟೈರ್ ಸತ್ತದ್ದು ಹೇಗೆ ಅನ್ನುವುದು. ಬಿಚ್ಚಿ ಒಳಗೆ ನೋಡದೆ ನಾನು ಏನೂ ಬರೆಯುವುದಿಲ್ಲ. ಗುಂಡಿಯ ಅಂಚಿಗೂ ರಿಮ್ಮಿನ ತುಟಿಗೂ ಮಧ್ಯೆ ರಬ್ಬರ್ ಸಿಕ್ಕಿಕೊಂಡರೆ ಪಕ್ಕೆಯೊಳಗಿನ ನೂಲು ತುಂಡಾಗುತ್ತದೆ. ಕೆಲವೊಮ್ಮೆ ಜೋಡಿ ಗೆರೆಯಂತೆ ಎರಡು ಕೊಯ್ತ ಕಾಣುತ್ತದೆ. ಆ ನೂಲು ಕಡಿದ ಜಾಗದಲ್ಲೇ ಗಾಳಿ ಒತ್ತಿ ಉಬ್ಬು ಬರುತ್ತದೆ. ಇದು ಪೆಟ್ಟು, ಆಡ್-ಆನ್ ಇದ್ದರೆ ಇದಕ್ಕೆ ಕ್ಲೇಮ್ ಇದೆ. ಆದರೆ ಒಳಗೆ ಕೈ ಹಾಕಿದಾಗ ಕರಿ ರಬ್ಬರ್ ಪುಡಿ ಬೆರಳಿಗೆ ಹತ್ತಿದರೆ, ಪಕ್ಕೆಯ ಸುತ್ತ ಉದ್ದಕ್ಕೂ ಉಜ್ಜಿದ ಪಟ್ಟಿ ಇದ್ದರೆ, ಗಾಳಿ ಇಲ್ಲದೆ ಓಡಿಸಿದ್ದಾರೆ ಎಂದೇ ಅರ್ಥ. “ಮುಂದೆ ಪಂಚರ್ ಅಂಗಡಿ ಇತ್ತು, ಹಂಗೇ ನಿಧಾನಕ್ಕೆ ಹೋದೆ” ಅನ್ನುತ್ತಾರೆ. ಕತ್ತಲಲ್ಲಿ, ಘಾಟಿಯಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಿಲ್ಲಲು ಹೆದರಿ ಓಡಿಸಿದವರಿದ್ದಾರೆ. ಅವರನ್ನು ನಾನು ಬೈಯಲಾರೆ. ಪ್ರಾಣಕ್ಕಿಂತ ಟೈರ್ ದೊಡ್ಡದಲ್ಲ. ಆದರೆ ಆ ಟೈರ್ ಕ್ಲೇಮ್ ಪಾಸಾಗುವುದು ಕಷ್ಟ.

ಈಗ ರಿಮ್‌ಗೆ ವಾಪಸ್ ಬರೋಣ. ಮೂಲ ಪಾಲಿಸಿಯಲ್ಲೇ ಬರುತ್ತದೆ ಅಂದೆನಲ್ಲ, ಹಾಗಂತ ಕ್ಲೇಮ್ ಮಾಡಲೇಬೇಕು ಅಂತಿಲ್ಲ. ಒಂದು ಲೆಕ್ಕ ಹಾಕಿ. ಕಾರು ಮೂರನೇ ವರ್ಷದಲ್ಲಿದೆ, ಝೀರೋ ಡೆಪ್ ಇಲ್ಲ, ಅಲಾಯ್ ಬೆಲೆ 9,000 ಅಂದುಕೊಳ್ಳೋಣ. ಶೇ 15 ಸವಕಳಿ 1,350, ಕಡ್ಡಾಯ ಕಡಿತ 1,000. ಕೈಗೆ ಬರುವುದು 6,650. ಇದುವರೆಗೆ ಒಂದೂ ಕ್ಲೇಮ್ ಇಲ್ಲದಿದ್ದರೆ ಮುಂದಿನ ರಿನ್ಯೂವಲ್‌ಗೆ ಶೇ 35 ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೇ ಇದ್ದದ್ದಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಬರಬೇಕಿತ್ತು. ಓನ್ ಡ್ಯಾಮೇಜ್ ಪ್ರೀಮಿಯಂ 14,000 ಇದ್ದರೆ ಅದು 4,900. ಕ್ಲೇಮ್ ಮಾಡಿದರೆ ಅಷ್ಟೂ ಹೋಯಿತು. ಅದರ ಮರುವರ್ಷ ಶೇ 45 ಬರುವ ಕಡೆ ಶೇ 20, ಆಮೇಲೆ ಶೇ 50ರ ಕಡೆ ಶೇ 25. ಪ್ರೀಮಿಯಂ ಅಷ್ಟೇ ಇದ್ದರೆ ಎರಡು ವರ್ಷವೂ 3,500 ನಷ್ಟ. ಒಟ್ಟು 11,900. ಪ್ರೀಮಿಯಂ ವರ್ಷ ವರ್ಷ ಇಳಿಯಬಹುದು, ಆಗ ಈ ಅಂಕಿಯೂ ಇಳಿಯುತ್ತದೆ. ಆದರೂ 6,650ಕ್ಕೋಸ್ಕರ ಇಷ್ಟು ಬಿಡುವುದು ಬೇಡ, ಅಲ್ವಾ?

ಇಲ್ಲಿಯೇ ಆಡ್-ಆನ್‌ಗೆ ಒಂದು ಬೆಲೆ ಬರುತ್ತದೆ. ಟೈರ್ ಅಥವಾ ರಿಮ್ ಆಡ್-ಆನ್ ಅಡಿ ಮಾತ್ರ ಮಾಡಿದ ಕ್ಲೇಮ್‌ನಿಂದ ನೋ ಕ್ಲೇಮ್ ಬೋನಸ್ ಹೋಗುತ್ತಾ, ಉಳಿಯುತ್ತಾ? ಮಾರುವವರ ಬಾಯಿಮಾತು ಸಾಲದು, ಪಾಲಿಸಿಯಲ್ಲಿ ಬರೆದದ್ದನ್ನು ತೋರಿಸಿ ಅನ್ನಿ. ಉಳಿಯುತ್ತದೆ ಎಂದಿದ್ದರೆ ಯೋಚಿಸಬಹುದು. ಹೋಗುತ್ತದೆ ಎಂದಿದ್ದರೆ ಮೇಲಿನ ಲೆಕ್ಕವೇ ಇಲ್ಲಿಗೂ ಅನ್ವಯ.

ನನ್ನನ್ನು ಕೇಳಿದರೆ, 165/80 ಆರ್14 ತರದ ಟೈರ್, ಸ್ಟೀಲ್ ರಿಮ್ ಇರುವ ಸಣ್ಣ ಕಾರಿಗೆ ಈ ಆಡ್-ಆನ್ ಬೇಡ. ಆ ಟೈರ್‌ನ ಪಕ್ಕೆ 165 ಮಿಲಿಮೀಟರ್ ಅಗಲದ ಶೇ 80, ಅಂದರೆ 132 ಮಿಲಿಮೀಟರ್ ಎತ್ತರ, ಪೆಟ್ಟು ತಡೆದುಕೊಳ್ಳುತ್ತದೆ. ಸ್ಟೀಲ್ ರಿಮ್ ಸ್ವಲ್ಪ ಬಾಗಿದರೆ ಬಡಿದು ಸರಿ ಮಾಡಬಹುದು. ಪ್ರೀಮಿಯಂ ದುಡ್ಡನ್ನು ಹಾಗೇ ತೆಗೆದಿಟ್ಟರೆ ಒಂದು ಟೈರ್‌ಗೆ ದಾರಿಯಾಗುತ್ತದೆ. 225/45 ಆರ್17 ಹಾಕಿರುವ ಕಾರಿನದು ಬೇರೆ. ಪಕ್ಕೆ ಸುಮಾರು 101 ಮಿಲಿಮೀಟರ್ ಅಷ್ಟೆ. ಟೈರೂ ದುಬಾರಿ, ಅಲಾಯೂ ದುಬಾರಿ. ಹೊಸ ಟೈರ್ ಇದ್ದು, ದಿನಾ ಕೆಟ್ಟ ರಸ್ತೆ ಅಥವಾ ರಾತ್ರಿ ಪ್ರಯಾಣ ಇದ್ದರೆ ಮೊದಲ ಎರಡು ವರ್ಷ ತಗೊಳ್ಳಿ ಅನ್ನುತ್ತೇನೆ. ಪ್ರೀಮಿಯಂ ಒಂದು ಟೈರ್ ಬೆಲೆಯ ಕಾಲು ಭಾಗ ದಾಟಿದರೆ ಮಾತ್ರ ಮತ್ತೆ ಯೋಚಿಸಿ. ಇದು ನಿಯಮವಲ್ಲ, ನಾನು ಮನೆಯವರಿಗೆ ಹೇಳುವ ಅಳತೆ.

ಅದಕ್ಕೂ ಮೊದಲು ಟೈರ್ ಕಂಪನಿಯ ವಾರಂಟಿ ಕೇಳಿ. ಮಾಮೂಲಿ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ, ಗುಂಡಿಯ ಪೆಟ್ಟಿಗಲ್ಲ. ಆದರೆ ಕೆಲವು ಟೈರ್‌ಗಳಿಗೆ ಶುರುವಿನ ಅವಧಿಯಲ್ಲಿ ಇಂಥ ಹಾನಿಗೂ ಬದಲಿ ಕೊಡುವ ಯೋಜನೆ ಇರುತ್ತದೆ. ಬಿಲ್ ಇಟ್ಟುಕೊಂಡು ನೋಂದಾಯಿಸಿದ್ದರೆ ಅದೇ ಸಾಕಾಗಬಹುದು.

ಆಡ್-ಆನ್ ಈಗಾಗಲೇ ಇದ್ದವರಿಗೆ ಒಂದು ಕೋರಿಕೆ. ಪೆಟ್ಟು ಬಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಗುಂಡಿ ಮತ್ತು ಟೈರ್ ಎರಡರ ಫೋಟೋ ತೆಗೆಯಿರಿ. ಟೈರ್ ಪಕ್ಕೆಯ ಮೇಲಿನ ನಾಲ್ಕು ಅಂಕಿಯೂ ಕಾಣಲಿ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ಸ್ಟೆಪ್ನಿ ಹಾಕಿಸಿಕೊಂಡು ಕಂಪನಿಗೆ ತಿಳಿಸಿ. ಸರ್ವೇ ಆಗುವವರೆಗೆ ಹಳೇ ಟೈರನ್ನು ಅಂಗಡಿಯವನಿಗೆ ಕೊಡಬೇಡಿ, ಐನೂರು ರೂಪಾಯಿ ಕೊಡ್ತೀನಿ ಅಂದರೂ ಬೇಡ. ಡಿಕ್ಕಿಯಲ್ಲಿ ಹಾಕಿಕೊಂಡು ಬನ್ನಿ. ಟೈರೇ ಇಲ್ಲದಿದ್ದರೆ ನಾನು ಗೇಜ್ ಇಡುವುದಾದರೂ ಯಾವುದಕ್ಕೆ?