ರಾತ್ರಿ ಮಿತಿಮೀರಿ ತಿಂದಾಯ್ತು, ಮರುದಿನ ಉಪವಾಸ ಇರಬೇಕಾ?

ಪ್ರಶ್ನೆ: ಹಗಲೆಲ್ಲ ಡಯಟ್ ಸರಿಯಾಗೇ ಮಾಡ್ತೀನಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋದರೆ ಮುಗೀತು. ಉಳಿದ ಚಿತ್ರಾನ್ನ, ಬಿಸ್ಕೆಟ್, ಮಿಕ್ಸ್ಚರ್, ಕೈಗೆ ಸಿಕ್ಕಿದ್ದೆಲ್ಲ ತಿಂತೀನಿ. ಹೊಟ್ಟೆ ನೋವು ಬಂದರೂ ನಿಲ್ಲಿಸೋಕೆ ಆಗಲ್ಲ. ಮರುದಿನ ಪೂರ್ತಿ ಉಪವಾಸ ಇದ್ದರೆ ಸರಿಹೋಗುತ್ತಾ?

ಉತ್ತರ: ಇಲ್ಲ. ಮರುದಿನ ಬೆಳಿಗ್ಗೆ ತಿಂಡಿ ತಿನ್ನಿ. ಎಂದಿನ ಹೊತ್ತಿಗೆ, ಎಂದಿನ ತಿಂಡಿ. ಹಸಿವಿಲ್ಲದಿದ್ದರೆ ಎರಡು ಇಡ್ಲಿ ಸಾಕು, ಆದರೆ ತಪ್ಪಿಸಬೇಡಿ.

ಈ ಮಾತು ವಿಚಿತ್ರ ಅನ್ನಿಸಬಹುದು. ರಾತ್ರಿ ಅಷ್ಟೊಂದು ತಿಂದವರಿಗೆ ಬೆಳಿಗ್ಗೆ ಮತ್ತೆ ತಿನ್ನಿ ಅನ್ನೋದಾ? ಆದರೆ ನಿಮ್ಮ ಪ್ರಶ್ನೆಯನ್ನೇ ಇನ್ನೊಮ್ಮೆ ಓದಿ. ಮೊದಲ ವಾಕ್ಯದಲ್ಲೇ ಡಯಟ್ ಇದೆ. ನೀವು ಹೇಳುವ ಉಪವಾಸ ರಾತ್ರಿಯ ತಿನ್ನಾಟಕ್ಕೆ ಮದ್ದಲ್ಲ, ಮುಂದಿನ ತಿನ್ನಾಟಕ್ಕೆ ತಯಾರಿ.

ಹಸಿವು ಮನುಷ್ಯನನ್ನು ಏನು ಮಾಡುತ್ತದೆ ಅನ್ನೋದಕ್ಕೆ ಹಳೆಯ ಪ್ರಯೋಗವೊಂದಿದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಸುಮಾರು ಅರ್ಧ ಊಟ ಕೊಟ್ಟರು. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಊಟ ಕೊಡುವುದು ಹೇಗೆ ಎಂದು ತಿಳಿಯುವುದು ಉದ್ದೇಶ. ಆ ಗಂಡಸರು ದಿನವಿಡೀ ಊಟದ ಬಗ್ಗೆಯೇ ಮಾತಾಡತೊಡಗಿದರು. ಅಡುಗೆ ಪುಸ್ತಕ ಓದಿದರು. ತಟ್ಟೆ ನೆಕ್ಕಿದರು. ನಿರ್ಬಂಧ ತೆಗೆದ ಮೇಲೆ ಕೆಲವರು ಹೊಟ್ಟೆ ಕೆಡುವಷ್ಟು ತಿಂದೂ ಇನ್ನೂ ಹಸಿವು ಎಂದರು. ಇವರ‍್ಯಾರೂ ಬಾಯಿಚಪಲದವರಲ್ಲ, ಮನಸ್ಸು ಗಟ್ಟಿ ಇಲ್ಲದವರೂ ಅಲ್ಲ. ಅರೆಹೊಟ್ಟೆಯಲ್ಲಿಟ್ಟ ಮೈ ಹಾಗೆಯೇ ವರ್ತಿಸುತ್ತದೆ.

ಇದರ ಜೊತೆ ತಲೆಯೊಳಗಿನ ಲೆಕ್ಕವೂ ಸೇರುತ್ತದೆ. ಅನ್ನ ಮುಟ್ಟಬಾರದು, ಸಿಹಿ ಮುಟ್ಟಬಾರದು ಎಂದು ನಿಯಮ ಹಾಕಿಕೊಂಡಿರುತ್ತೀರಿ. ಒಂದು ಬಿಸ್ಕೆಟ್ ತಿಂದ ಕೂಡಲೇ ನಿಯಮ ಮುರಿಯಿತು. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಪೊಟ್ಟಣ ಖಾಲಿ. ಸೋಮವಾರದಿಂದ ಇನ್ನೂ ಬಿಗಿಯಾದ ಡಯಟ್. ಸೋಮವಾರಗಳು ಬರುತ್ತಲೇ ಇರುತ್ತವೆ, ಅಲ್ವಾ?

ಹಾಗಾಗಿ ಚಿಕಿತ್ಸೆ ಶುರುವಾಗುವುದು ತಿನ್ನುವುದರಿಂದಲೇ. ಮೂರು ಹೊತ್ತು ಊಟ, ನಡುವೆ ಎರಡು ಸಲ ಏನಾದರೂ ಸ್ವಲ್ಪ. ಎಚ್ಚರವಿರುವಾಗ ಮೂರು-ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬಾರದು. ನನ್ನ ಪ್ರಕಾರ ನಮ್ಮಲ್ಲಿ ಬಹಳ ಜನ ಎಡವುವುದು ಸಂಜೆಯ ಹೊತ್ತಲ್ಲಿ. ಮಧ್ಯಾಹ್ನ ಬರೀ ಸೌತೆಕಾಯಿ-ಮಜ್ಜಿಗೆ, ಸಂಜೆ ಕಾಫಿ ಮಾತ್ರ, ರಾತ್ರಿ ಒಂದು ಚಪಾತಿ. ಹತ್ತು ಗಂಟೆಗೆ ಡಬ್ಬಿ ಕೈಗೆ ಬಾರದೆ ಇನ್ನೇನು? ಮಧ್ಯಾಹ್ನ ಮುದ್ದೆಯೋ ಅನ್ನವೋ ಹೊಟ್ಟೆ ತುಂಬ ಉಣ್ಣಿ. ಐದಕ್ಕೆ ಕಡಲೆಕಾಯಿ, ಬಾಳೆಹಣ್ಣು, ಒಗ್ಗರಣೆ ಅವಲಕ್ಕಿ, ಏನಾದರೂ ತಿನ್ನಿ.

ಏಕಾದಶಿ, ಸಂಕಷ್ಟಿ ಇರುವವರ ಮನೆಯಲ್ಲಿ ಇದು ಸ್ವಲ್ಪ ಕಷ್ಟ. (ಸಾಬೂದಾನಿ ವಡೆ ಕರಿಯುವ ಉಪವಾಸದ ಮಾತು ಬೇರೆ ಬಿಡಿ.) ಚೇತರಿಸಿಕೊಳ್ಳುವ ತನಕ ಉಪವಾಸದ ವ್ರತಗಳನ್ನು ಬಿಡುವುದೇ ಒಳ್ಳೆಯದು. ಹುಷಾರಿಲ್ಲದವರಿಗೆ ಮನೆಯ ಹಿರಿಯರೂ ವಿನಾಯಿತಿ ಕೊಡುತ್ತಾರೆ, ಇದೂ ಕಾಯಿಲೆಯೇ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಂತೂ ಸುಮ್ನೆ ಊಟ ಬಿಡಲೇಬಾರದು. ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಮರುದಿನ ಬೆಳಿಗ್ಗೆ ತೂಕದ ಮೆಷಿನ್ ಹತ್ತಬೇಡಿ. ಅಂದು ಏರಿರುವುದು ಬಹುಪಾಲು ನೀರು, ಹೊಟ್ಟೆಯಲ್ಲಿ ಇನ್ನೂ ಇರುವ ಊಟ. ಆ ಅಂಕಿ ನೋಡಿದರೆ ಮತ್ತೆ ಉಪವಾಸದ ಯೋಚನೆ. ಅದರ ಬದಲು ಒಂದು ನೋಟ್‌ಬುಕ್ ಇಡಿ. ಎಷ್ಟು ಹೊತ್ತಿಗೆ, ಏನು ತಿಂದೆ, ಆಗ ಮನಸ್ಸು ಹೇಗಿತ್ತು ಎಂದು ಬರೆಯಿರಿ. ಕ್ಯಾಲೊರಿ ಬೇಡ. ಕೆಲವು ವಾರದಲ್ಲಿ ನಿಮಗೇ ಕಾಣುತ್ತದೆ: ಊಟ ತಪ್ಪಿಸಿದ ದಿನ, ಯಾರೋ ಮದುವೆಮನೆಯಲ್ಲಿ ‘ಎಷ್ಟು ದಪ್ಪ ಆಗಿದ್ದೀಯಾ’ ಅಂದ ದಿನ, ಮನೆಯಲ್ಲಿ ಒಬ್ಬರೇ ಇದ್ದ ದಿನ.

ಹಬ್ಬದಲ್ಲಿ ನಾಲ್ಕು ಹೋಳಿಗೆ ಜಾಸ್ತಿ ತಿನ್ನುವುದು ಕಾಯಿಲೆಯಲ್ಲ. ತಡೆಯಲಾಗದೆ ತಿನ್ನುವುದು ವಾರಕ್ಕೊಮ್ಮೆಯಾದರೂ ಆಗುತ್ತಾ ಮೂರು ತಿಂಗಳಾಗಿದ್ದರೆ, ಅದರ ಬಗ್ಗೆ ತುಂಬ ಸಂಕಟವಿದ್ದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್ ಇರಬಹುದು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಪಟ್ಟಿಗೆ ಸೇರಿಸಿತು. ಗಂಡಸರಿಗೂ ಬರುತ್ತದೆ, ತೆಳ್ಳಗಿರುವವರಿಗೂ ಬರುತ್ತದೆ. ತಿಂದ ಮೇಲೆ ವಾಂತಿ ಮಾಡಿಕೊಳ್ಳುವುದು, ಭೇದಿಯಾಗಲೆಂದು ಮಾತ್ರೆ ನುಂಗುವುದು ಇದ್ದರಂತೂ ಕಾಯಬೇಡಿ, ಕೂಡಲೇ ಡಾಕ್ಟರ್ ಹತ್ತಿರ ಹೋಗಿ. ಪೊಟ್ಯಾಸಿಯಂ ಕಡಿಮೆಯಾಗಿ ಹೃದಯದ ಬಡಿತವೇ ಏರುಪೇರಾಗಬಹುದು.

ಯೋಚನೆ, ಅಭ್ಯಾಸಗಳನ್ನು ಬದಲಿಸಲು ಕಲಿಸುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಮಾತಿನ ಚಿಕಿತ್ಸೆ ಈ ತಡೆಯಲಾಗದ ತಿನ್ನಾಟಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲಿಗೆ ಹೋಗುವುದು ಗೊತ್ತಾಗದಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದು, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ತಿರ ಹೋದರೆ ತೂಕದಿಂದ ಮಾತು ಶುರು ಮಾಡಬೇಡಿ. ಮಾಡಿದರೆ ಇನ್ನೊಂದು ಡಯಟ್ ಚೀಟಿ ಕೈಗೆ ಬರುವ ಸಂಭವವೇ ಹೆಚ್ಚು. ‘ತಿನ್ನೋಕೆ ಶುರು ಮಾಡಿದರೆ ನಿಲ್ಲಿಸೋಕೆ ಆಗ್ತಿಲ್ಲ ಡಾಕ್ಟ್ರೇ, ಇದಕ್ಕೆ ಮನೋವೈದ್ಯರನ್ನು ನೋಡಬೇಕು, ಚೀಟಿ ಬರೆದುಕೊಡಿ’ ಎಂದು ನೇರವಾಗಿ ಕೇಳಿ.