ಗೋವಾ ಹೋಟೆಲ್‌ಗಳ ಮಳೆಗಾಲ, ಗದಗದ ಹೊಲ

ಹೋಟೆಲ್ ಕೋಣೆಯ ತೆರಿಗೆ ಬದಲಾದಾಗಲೆಲ್ಲ ಗೋವಾದಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಸಾವಿರ ರೂಪಾಯಿಗಿಂತ ಅಗ್ಗದ ಕೋಣೆಗೆ ತೆರಿಗೆ ಇರಲಿಲ್ಲ. 2022ರ ಜುಲೈನಲ್ಲಿ ಅದಕ್ಕೂ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ಶೇ 5. ಆದಾಯದ ಮಾತು ಇಷ್ಟು ನಡೆದರೂ ಆ ಕೋಣೆಯ ಚಾದರ ಬದಲಿಸುವವರ ಸಂಬಳದ ಮಾತು ಬರುವುದು ಅಪರೂಪ. ಅವರಲ್ಲಿ ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿ ಕಡೆಯಿಂದ ಗುಳೆ ಬಂದ ಕನ್ನಡಿಗರು ಬಹಳ ಮಂದಿ.

1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿಯಿತು, 1974ರಲ್ಲಿ ಅಗ್ವಾದ ಕೋಟೆಯ ಬಳಿ ತಾಜ್ ಹೋಟೆಲ್ ಬಂತು, 1983ರಲ್ಲಿ ಕಾಮನ್‌ವೆಲ್ತ್ ನಾಯಕರು ಅಲ್ಲಿ ತಂಗಿದರು, ಆ ದಶಕ ಮುಗಿಯುವುದರೊಳಗೆ ಪ್ರವಾಸಿಗರಿಗೆಂದೇ ಬಾಡಿಗೆಗೆ ಗೊತ್ತುಮಾಡಿದ ಯುರೋಪಿನ ಚಾರ್ಟರ್ ವಿಮಾನಗಳು ಇಳಿಯತೊಡಗಿದವು.

ಚಾರ್ಟರ್ ವಿಮಾನಗಳು ತಂದದ್ದು ಪ್ರವಾಸಿಗರನ್ನಷ್ಟೇ ಅಲ್ಲ, ಒಂದು ಪಂಚಾಂಗವನ್ನೂ ತಂದವು. ಅಕ್ಟೋಬರಿನಲ್ಲಿ ಸೀಸನ್ ಆರಂಭ, ಮೇ ಮುಗಿಯುತ್ತಿದ್ದಂತೆ ಮುಕ್ತಾಯ. ಮಳೆಗಾಲದಲ್ಲಿ ಕೋಣೆ ಖಾಲಿಯಿದ್ದರೂ ಸಾಲದ ಬಡ್ಡಿ, ವಿದ್ಯುತ್ ಬಿಲ್ಲು, ಉಪ್ಪುಗಾಳಿಗೆ ತುಕ್ಕು ಹಿಡಿದ ಕಬ್ಬಿಣದ ದುರಸ್ತಿ ತಪ್ಪುವುದಿಲ್ಲ. ಕಡಿಮೆ ಮಾಡಬಹುದಾದ ಖರ್ಚೆಂದರೆ ಆಳಿನದು. ಜೂನ್ ಬಂತೆಂದರೆ ವಾಸ್ಕೋ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆಯ ರೈಲಿಗೆ ಟ್ರಂಕು, ಚೀಲ ಹೊತ್ತು ಕಾಯುವವರ ಸಾಲು.

ಊರಿನಲ್ಲಿ ಅದೇ ಹೊತ್ತಿಗೆ ಮುಂಗಾರು. ಹೆಸರು, ಶೇಂಗಾ ಬಿತ್ತಬೇಕು, ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು. ಹಿಂಗಾರಿಯ ಬಿಳಿಜೋಳ ಬಿತ್ತಿ ಮುಗಿಸಿದರೆ ಗೋವಾದಿಂದ ಮತ್ತೆ ಕರೆ. ಈ ಹೊಂದಾಣಿಕೆ ಎಷ್ಟು ಸಲೀಸಾಗಿತ್ತೆಂದರೆ ಅದರೊಳಗಿನ ವೆಚ್ಚ ಯಾರಿಗೂ ಕಾಣಲಿಲ್ಲ. ರೂಮ್ ಬಾಯ್‌ನ ನಾಲ್ಕು ತಿಂಗಳ ಊಟ, ಅವನ ತಾಯಿಯ ಔಷಧಿ, ಮಕ್ಕಳ ಶಾಲೆಯ ಪಾಟಿಚೀಲ ಎಲ್ಲವನ್ನೂ ಮೂರು-ನಾಲ್ಕು ಎಕರೆ ಮಳೆಯಾಶ್ರಿತ ಹೊಲ ಹೊತ್ತಿತು. ಹೋಟೆಲ್ ಉದ್ಯಮದ ಖರ್ಚಿನ ಪಟ್ಟಿಯಲ್ಲಿ ಆ ಹೊಲದ ಹೆಸರಿಲ್ಲ. ಮಳೆ ಕೈಕೊಟ್ಟ ವರ್ಷ ಆ ಖರ್ಚು ಕೈಗಡವಾಗುತ್ತಿತ್ತು, ಅಕ್ಟೋಬರಿನ ಮೊದಲ ಸಂಬಳ ಅದರ ಬಡ್ಡಿಗೆ ಹೋಗುತ್ತಿತ್ತು.

ಇಲ್ಲಿ ಕಾನೂನಿನ ಒಂದು ಸಂಖ್ಯೆಯನ್ನು ನೆನಪಿಡಬೇಕು: 240. ವರ್ಷದಲ್ಲಿ ಅಷ್ಟು ದಿನ ದುಡಿದರೆ, 2025ರ ನವೆಂಬರ್‌ವರೆಗೆ ಇದ್ದ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಅದು ನಿರಂತರ ಸೇವೆ ಎನಿಸುತ್ತಿತ್ತು. ಕೆಲಸದಿಂದ ತೆಗೆದರೆ ಪರಿಹಾರ ಕೇಳುವ ಹಕ್ಕು ಅದರಿಂದ ಹುಟ್ಟುತ್ತಿತ್ತು. ಅಕ್ಟೋಬರ್‌ನಿಂದ ಮೇವರೆಗೆ ಎಣಿಸಿ ನೋಡಿ, 243 ದಿನ. ಸೀಸನ್ ಒಂದು ವಾರ ತಡವಾಗಿ ಆರಂಭವಾದರೆ ಸಾಕು, ಹಕ್ಕು ಕೈತಪ್ಪುತ್ತದೆ. ನಡುವೆ ಗುತ್ತಿಗೆದಾರ ಬದಲಾದರಂತೂ ಹಾಜರಿ ಪುಸ್ತಕವೇ ಹೊಸದು. ಕೆಲಸ ಬಿಡುವಾಗ ಸೇವೆಯ ಅವಧಿಗೆ ತಕ್ಕಂತೆ ಸಿಗುವ ಗ್ರಾಚ್ಯುಯಿಟಿಯಲ್ಲೂ ಇದೇ ಕಥೆ: ಉಳಿದವರಿಗೆ ವರ್ಷಕ್ಕೆ 15 ದಿನದ ಸಂಬಳ, ಋತುಮಾನದ ಸಂಸ್ಥೆಗಳಲ್ಲಿ ಸೀಸನ್‌ಗೆ 7 ದಿನದ್ದು.

ಈಗ ಪಂಚಾಂಗ ಬದಲಾಗಿದೆ. ಪುಣೆ, ಬೆಂಗಳೂರು, ಬೆಳಗಾವಿಯ ಜನ ಮಳೆ ನೋಡಲೆಂದೇ ಜುಲೈನಲ್ಲಿ ಬರುತ್ತಾರೆ. 2023ರ ಜನವರಿಯಿಂದ ಮೋಪಾದ ಎರಡನೇ ವಿಮಾನ ನಿಲ್ದಾಣವೂ ಕೆಲಸ ಮಾಡುತ್ತಿದೆ. ಕೋಣೆಗಳು ಹನ್ನೆರಡು ತಿಂಗಳೂ ಬಾಡಿಗೆಗೆ ಹೋಗುವಾಗ ಒಪ್ಪಂದ ಮಾತ್ರ ಎಂಟು ತಿಂಗಳದ್ದಾಗಿ ಉಳಿಯುವುದಕ್ಕೆ ಮಳೆಯನ್ನು ಕಾರಣವೆನ್ನಲಾಗದು.

2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನಿಗದಿತ ಅವಧಿಗೆ ನೇಮಕವಾದವರು ಗ್ರಾಚ್ಯುಯಿಟಿಗಾಗಿ ಇನ್ನು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಜೂನ್‌ನಲ್ಲಿ ಹುಬ್ಬಳ್ಳಿ ರೈಲು ಹತ್ತುವವರಿಗೆ ಆ ಒಂದು ವರ್ಷ ಯಾವ ದಿನದಿಂದ ಯಾವ ದಿನಕ್ಕೆ ಎಂಬುದನ್ನು ನೇಮಕಾತಿ ಪತ್ರದಲ್ಲಿ ಬರೆದುಕೊಡಬೇಕು.